ಟೀಮಿನ ಜೊತೆ ಮೆಕ್ಸಿಕನ್ ಊಟಕ್ಕೆ ಹೊರಟಾಗ: ಟೇಬಲ್ ಬುಕ್ ಮಾಡುವಲ್ಲಿಂದ ಬಿಲ್ ಕೊಡುವವರೆಗೆ

ಟೆಕ್ಸಾಸ್‌ನಲ್ಲಿ ಕೆಲಸ ಮಾಡುವ ನಮ್ಮವರಿಗೆ ಟೀಮ್ ಡಿನ್ನರ್ ಎಂದರೆ ಬಹುಮಟ್ಟಿಗೆ ಮೆಕ್ಸಿಕನ್ ರೆಸ್ಟೋರೆಂಟೇ. ಪ್ರಾಜೆಕ್ಟ್ ಗೋ-ಲೈವ್ ಆಯಿತೆಂದರೆ ಅಲ್ಲಿಗೆ, ಯಾರೋ ಕೆಲಸ ಬಿಟ್ಟು ಹೊರಟರೆಂದರೆ ಅಲ್ಲಿಗೆ, ಬೆಂಗಳೂರು ಆಫೀಸಿನಿಂದ ಇಬ್ಬರು ಎರಡು ವಾರಕ್ಕೆ ಬಂದಿಳಿದರೆ ಅವರನ್ನೂ ಕರೆದುಕೊಂಡು ಅಲ್ಲಿಗೇ. ನಾನು ಆಸ್ಟಿನ್‌ಗೆ ಬಂದ ಮೇಲೆ ಇಂಥ ಊಟಗಳಲ್ಲಿ ಕೂತು ಉಂಡಿದ್ದೇನೆ, ಏರ್ಪಾಟಿನ ಹೊಣೆಯನ್ನೂ ಹೊತ್ತಿದ್ದೇನೆ. ಈ ಬರಹ ಮುಖ್ಯವಾಗಿ ಹೊಣೆ ಹೊರುವವರಿಗಾಗಿ. ಮೊದಲ ಸಲ ಹೋಗುತ್ತಿರುವವರಿಗೂ ಉಪಯೋಗವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಟೀಮಿಗೆ ಸೇರಿ ಮೂರೇ ದಿನವಾಗಿತ್ತು. ಹದಿಮೂರು ಜನಕ್ಕೆ ನಾನು ಟೇಬಲ್ ಹಿಡಿದಿಟ್ಟಿದ್ದೆ. ಅದರಾಚೆ ಏನನ್ನೂ ವಿಚಾರಿಸಿರಲಿಲ್ಲ. ಅವಳು ಮೆನುವಿನಲ್ಲಿ ‘ವೆಜಿಟೇರಿಯನ್’ ಎಂದಿದ್ದ ಪ್ಲೇಟ್ ತರಿಸಿಕೊಂಡಳು. ಅರ್ಧ ಊಟವಾದ ಮೇಲೆ ಏನೋ ವಾಸನೆ ಹತ್ತಿ, ಬೀನ್ಸ್ ಯಾವುದರಲ್ಲಿ ಹುರಿದದ್ದು ಎಂದು ಸರ್ವರ್‌ನನ್ನು ಕೇಳಿದಳು. ಹಂದಿಕೊಬ್ಬಿನಲ್ಲಿ ಎಂದು ಅವನು ಸಹಜವಾಗಿ ಹೇಳಿದ. ಅವಳು ಯಾರಿಗೂ ಏನೂ ಅನ್ನಲಿಲ್ಲ. ತಟ್ಟೆಯನ್ನು ಎರಡು ಬೆರಳಲ್ಲಿ ಮೆಲ್ಲನೆ ಮುಂದಕ್ಕೆ ತಳ್ಳಿ, ಪೇಪರ್ ನ್ಯಾಪ್‌ಕಿನ್ ಬಿಚ್ಚಿ ಅದರ ಮೇಲೆ ಹೊದಿಸಿ, ಉಳಿದ ಒಂದೂವರೆ ಗಂಟೆ ನೀರು ಕುಡಿಯುತ್ತ, ಎಲ್ಲರ ಮಾತಿಗೂ ನಗುತ್ತ ಕೂತಿದ್ದಳು. ಆ ನ್ಯಾಪ್‌ಕಿನ್ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆ ಅಡುಗೆಯೇನೋ ಅವರ ಊರಿನ ಪದ್ಧತಿಯಂತೆಯೇ ಇತ್ತು. ಮುಂಚೆಯೇ ಕೇಳಬೇಕಾದವನು ನಾನು, ಕೇಳಿರಲಿಲ್ಲ. ಟೇಬಲ್‌ಗೆ ಕೂತ ಒಬ್ಬರೂ ಹಸಿದು ಏಳಬಾರದು ಎಂದು ಅವತ್ತು ಮನಸ್ಸಿಗೆ ಹಾಕಿಕೊಂಡೆ. ಮುಂದೆ ಹೇಳುವುದೆಲ್ಲ ಅದಕ್ಕೆ ಮಾಡಬೇಕಾದ ಕೆಲಸ.

ನಾಲ್ಕು ದಿನ ಮುಂಚೆ: ಯಾರು ಏನು ತಿನ್ನುವುದಿಲ್ಲ

ಎಲ್ಲರಿಗೂ ಒಂದು ಮೆಸೇಜ್ ಹಾಕಿ. ಗ್ರೂಪಿನಲ್ಲಿ ಬೇಡ, ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ. ನಾನು ಮದ್ಯ ಮುಟ್ಟುವುದಿಲ್ಲ, ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ಬಸುರಿಯಾಗಿದ್ದೇನೆ, ಉಪವಾಸವಿದೆ ಎಂಬುದನ್ನೆಲ್ಲ ಹನ್ನೆರಡು ಜನರೆದುರು ಬರೆಯಲು ಯಾರಿಗೆ ತಾನೇ ಇಷ್ಟ? ಪ್ರಶ್ನೆಯನ್ನೂ ‘ಏನು ತಿನ್ನುತ್ತೀರಿ’ ಎಂದು ಕೇಳಬೇಡಿ, ‘ಯಾವುದು ಆಗುವುದಿಲ್ಲ’ ಎಂದು ಕೇಳಿ. ಮೊದಲನೆಯದಕ್ಕೆ ಎಲ್ಲರೂ ‘ಏನಾದರೂ ಸರಿ’ ಎನ್ನುತ್ತಾರೆ. ಎರಡನೆಯದಕ್ಕೆ ಉತ್ತರ ಸರಿಯಾಗಿ ಬರುತ್ತದೆ: ದನದ ಮಾಂಸ ಬೇಡ, ಹಂದಿ ಬೇಡ, ಮೊಟ್ಟೆ ಬೇಡ, ಶೇಂಗಾ ಅಲರ್ಜಿ, ಗೋಧಿ ಆಗುವುದಿಲ್ಲ.

ಶೇಂಗಾ, ಎಳ್ಳಿನ ಅಲರ್ಜಿ ಇರುವವರನ್ನು ವಿಶೇಷವಾಗಿ ಗುರುತಿಟ್ಟುಕೊಳ್ಳಿ. ಮೋಲೆ ಎಂಬ ಗಾಢ ಕಂದು ಸಾರಿನಲ್ಲಿ ಒಣಮೆಣಸಿನಕಾಯಿ, ಒಂದಿಷ್ಟು ಚಾಕೊಲೇಟ್ ಜೊತೆಗೆ ಎಳ್ಳು, ಬಾದಾಮಿ, ಶೇಂಗಾ ರುಬ್ಬಿ ಹಾಕುವುದು ಮಾಮೂಲು. ನೋಡಿದರೆ ತಿಳಿಯುವುದಿಲ್ಲ. ಗೋಧಿ ಆಗದವರಿಗೆ ಮಾತ್ರ ಈ ಅಡುಗೆ ವರವೇ ಸರಿ. ಮೆಕ್ಕೆಜೋಳದ ಟೋರ್ಟಿಯಾ (ತೆಳ್ಳನೆಯ ರೊಟ್ಟಿ) ಕೇಳಿ, ಸಾಸ್‌ಗಳಲ್ಲಿ ಗೋಧಿ ಸೇರಿದೆಯೇ ಎಂದೂ ವಿಚಾರಿಸಿ.

ಎರಡು ಬಗೆಯ ಹೋಟೆಲು, ಎರಡು ಬಗೆಯ ಅಡುಗೆಮನೆ

ಬೋರ್ಡಿನ ಮೇಲೆ ‘ಮೆಕ್ಸಿಕನ್’ ಎಂದಿದ್ದರೂ ಇಲ್ಲಿ ಹೆಚ್ಚಿನವು ಟೆಕ್ಸ್-ಮೆಕ್ಸ್. ಗೋಧಿಹಿಟ್ಟಿನ ಮೆತ್ತನೆಯ ಟೋರ್ಟಿಯಾ, ಕರಗಿದ ಹಳದಿ ಚೀಸ್, ಜೀರಿಗೆಯ ಘಮ, ಕಾದ ಬಾಣಲಿಯಲ್ಲಿ ಸುಯ್ ಎನ್ನುತ್ತ ಬರುವ, ಟೋರ್ಟಿಯಾದಲ್ಲಿ ಸುತ್ತಿ ತಿನ್ನುವ ಫಹೀತಾ, ಇವೆಲ್ಲ ಗಡಿಯ ಈಚೆ ಬೆಳೆದ ರುಚಿ. ನಾಚೋಸ್ ಹುಟ್ಟಿದ್ದು ಗಡಿಯಾಚೆಗೇ ಅಂಟಿಕೊಂಡಿರುವ ಪಿಯೆದ್ರಾಸ್ ನೆಗ್ರಾಸ್ ಎಂಬ ಊರಿನಲ್ಲಿ, 1940ರ ದಶಕದಲ್ಲಿ. ಇಗ್ನಾಸಿಯೋ ಅನಾಯಾ ಎಂಬ ಹೋಟೆಲಿನವರು ಕೈಗೆ ಸಿಕ್ಕಿದ ಚಿಪ್ಸ್, ಚೀಸ್, ಮೆಣಸಿನಕಾಯಿ ಸೇರಿಸಿ ಕೊಟ್ಟ ತಿಂಡಿ ಅದು. ಇಗ್ನಾಸಿಯೋ ಎಂಬ ಹೆಸರನ್ನು ಮುದ್ದಿನಿಂದ ಕರೆದರೆ ನಾಚೋ. ಆ ಹೆಸರೇ ತಿಂಡಿಗೆ ನಿಂತಿತು. ಫಹೀತಾವನ್ನು ಊರೂರಿಗೆ ಹಬ್ಬಿಸಿದವರಲ್ಲಿ ಹ್ಯೂಸ್ಟನ್‌ನ ನಿನ್ಫಾ ಲಾರೆಂಜೊ ದೊಡ್ಡ ಹೆಸರು. ಗಂಡ ತೀರಿಹೋದ ಮೇಲೆ, ತಮ್ಮ ಟೋರ್ಟಿಯಾ ಕಾರ್ಖಾನೆಯಲ್ಲೇ ಹತ್ತು ಟೇಬಲ್ ಹಾಕಿ 1973ರಲ್ಲಿ ಹೋಟೆಲು ತೆರೆದ ಹೆಣ್ಣುಮಗಳು.

ಇನ್ನೊಂದು ಬಗೆ ಮೆಕ್ಸಿಕೋದ ಒಳನಾಡಿನ ಅಡುಗೆ. ವಹಾಕಾದ ಮೋಲೆಗಳು, ಪ್ವೆಬ್ಲಾದ ಸ್ಟಫ್ ಮಾಡಿದ ಮೆಣಸಿನಕಾಯಿ, ಯುಕಾತಾನ್‌ನ ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದವು. ಬೆಲೆ ಹೆಚ್ಚು, ತಟ್ಟೆ ಚಿಕ್ಕದು, ರುಚಿ ಆಳವಾದದ್ದು.

ಟೀಮಿನ ಮೊದಲ ಊಟಕ್ಕೆ ನನ್ನ ಆಯ್ಕೆ ಟೆಕ್ಸ್-ಮೆಕ್ಸ್. ನಡುವೆ ಇಟ್ಟು ಹಂಚಿಕೊಳ್ಳಬಹುದು, ‘ಇದು ಹಾಕಿ, ಅದು ಬಿಡಿ’ ಎಂದು ಹೇಳಲು ಸುಲಭ. ನಾಲ್ಕೈದು ಜನ ಮಾತ್ರ, ಅದರಲ್ಲೂ ಊಟದ ಬಗ್ಗೆ ಆಸೆ ಇರುವವರಾದರೆ ಒಳನಾಡಿನ ಅಡುಗೆಗೆ ಹೋಗಿ. ಪಾಪಾಸುಕಳ್ಳಿಯ ಎಲೆಯನ್ನು ಮುಳ್ಳು ಹೆರೆದು ಬೇಯಿಸಿದ ನೊಪಾಲೆಸ್, ಟೋರ್ಟಿಯಾ ಮಡಚಿ ಚೀಸ್, ಕುಂಬಳಹೂವು ತುಂಬಿ ಕಾಯಿಸಿದ ಕೇಸಾಡಿಯಾ ಅಲ್ಲಿ ಸಿಗುತ್ತವೆ. ನಮ್ಮ ಹೊಲದ ಬೇಲಿಯಲ್ಲಿ ಬೆಳೆಯುವ ಕಳ್ಳಿ ತಟ್ಟೆಗೆ ಬಂದದ್ದನ್ನು, ಬೆಂಡೆಕಾಯಿಯಂತೆ ಸ್ವಲ್ಪ ಲೋಳೆಲೋಳೆಯಾಗಿ, ಹುಳಿಹುಳಿಯಾಗಿ ಇರುವುದನ್ನು ಒಮ್ಮೆ ತಿಂದೇ ನೋಡಬೇಕು.

ಅಡುಗೆಮನೆಗೆ ಒಂದು ಫೋನು

ಈ ಇಡೀ ಮಾರ್ಗದರ್ಶಿಯಲ್ಲಿ ಒಂದನ್ನು ಮಾತ್ರ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಮಧ್ಯಾಹ್ನ ಮೂರರ ಸುಮಾರಿಗೆ ಫೋನ್ ಮಾಡಿ. ಲಂಚ್ ಮುಗಿದು ಡಿನ್ನರ್ ಶುರುವಾಗುವ ಮುಂಚೆ ಅವರಿಗೂ ಉಸಿರಾಡಲು ಪುರುಸೊತ್ತಿರುತ್ತದೆ. ‘ಸಸ್ಯಾಹಾರ ಸಿಗುತ್ತದೆಯೇ’ ಎಂದು ಕೇಳಿದರೆ ಹೌದು ಎಂದೇ ಹೇಳುತ್ತಾರೆ. ಹಾಗಾಗಿ ಬಿಡಿಬಿಡಿಯಾಗಿ ಕೇಳಬೇಕು.

ರೀಫ್ರೈಡ್ ಬೀನ್ಸ್ (ಬೇಯಿಸಿ, ಜಜ್ಜಿ, ಹುರಿದ ಬೀನ್ಸ್) ಯಾವುದರಲ್ಲಿ ಹುರಿಯುತ್ತೀರಿ, ಎಣ್ಣೆಯೋ ಮಂತೇಕಾವೋ? ಮಂತೇಕಾ ಎಂದರೆ ಹಂದಿಕೊಬ್ಬು. ಬಹಳಷ್ಟು ಕಡೆ ಈಗ ಎಣ್ಣೆಗೆ ಬಂದಿದ್ದಾರೆ, ಹಳೆಯ ರುಚಿ ಬಿಡದವರು ಬಂದಿಲ್ಲ. ಹುರಿಯದೆ ಬರೀ ಬೇಯಿಸಿದ ಕಪ್ಪು ಬೀನ್ಸ್ ಇದೆಯೇ ಎಂದೂ ಕೇಳಿ; ಅದರಲ್ಲೂ ಬೇಕನ್ ತುಂಡು ಹಾಕುವವರಿದ್ದಾರೆ.

ಕೆಂಪು ಅನ್ನ ಯಾವ ನೀರಿನಲ್ಲಿ ಬೇಯುತ್ತದೆ? ಟೊಮ್ಯಾಟೊ ಹಾಕಿದ ಆ ಅನ್ನ ನೋಡಲು ನಮ್ಮ ಟೊಮ್ಯಾಟೊ ಬಾತ್‌ನ ತಂಗಿಯಂತಿರುತ್ತದೆ. ಆದರೆ ಹೆಚ್ಚಿನ ಅಡುಗೆಮನೆಗಳಲ್ಲಿ ಅದು ಬೇಯುವುದು ಕೋಳಿ ಸಾರಿನಲ್ಲಿ, ಇಲ್ಲವೇ ಕೋಳಿ ಸಾರಿನ ಪುಡಿ ಕದಡಿದ ನೀರಿನಲ್ಲಿ. ಸಸ್ಯಾಹಾರಿಗಳು ಕಣ್ಣಿಗೆ ಕಾಣದೆ ಸಿಕ್ಕಿಬೀಳುವುದು ಬೀನ್ಸ್‌ಗಿಂತ ಹೆಚ್ಚಾಗಿ ಇಲ್ಲಿ.

ಎಂಚಿಲಾಡಾ, ಅಂದರೆ ಸುರುಳಿ ಸುತ್ತಿದ ಟೋರ್ಟಿಯಾ, ಅದರ ಮೇಲೆ ಸುರಿಯುವ ಸಾಸ್‌ಗೆ, ಮೋಲೆಗಳಿಗೆ ಏನು ಬಳಸುತ್ತೀರಿ? ಅಲ್ಲೂ ಕೋಳಿ ಸಾರೇ ಇರುವ ಸಾಧ್ಯತೆ ಹೆಚ್ಚು. ಚಿಪ್ಸ್ ಕರಿಯುವ ಎಣ್ಣೆಯಲ್ಲೇ ಮಾಂಸವನ್ನೂ ಕರಿಯುತ್ತೀರಾ? ಇದು ಕೆಲವರಿಗೆ ಮುಖ್ಯ, ಕೆಲವರಿಗಲ್ಲ. ಉತ್ತರ ತಿಳಿದುಕೊಂಡು ಅವರವರಿಗೆ ಬಿಡಿ.

ಇನ್ನೊಂದು ಸೂಕ್ಷ್ಮ. ಸ್ಪ್ಯಾನಿಷ್ ಮಾತಾಡುವ ಅಡುಗೆಯವರಿಗೆ ‘ಸಿನ್ ಕಾರ್ನೆ’ ಎಂದರೆ ಮಾಂಸವಿಲ್ಲದೆ ಎಂದರ್ಥವಾದರೂ, ‘ಕಾರ್ನೆ’ ಎಂದೊಡನೆ ಅವರ ಮನಸ್ಸಿಗೆ ಬರುವುದು ದನದ ಮಾಂಸ. ಕೋಳಿ ಅದರಲ್ಲಿ ಸೇರಿದೆಯೆಂದು ಅನ್ನಿಸದೇ ಇರಬಹುದು. ಆದ್ದರಿಂದ ಬಿಡಿಸಿ ಹೇಳಿ: ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಕಾಲ್ದೊ ದೆ ಪೋಯೊ, ಸಿನ್ ಮಂತೇಕಾ. ಮಾಂಸ, ಕೋಳಿ, ಕೋಳಿ ಸಾರು, ಹಂದಿಕೊಬ್ಬು ಯಾವುದೂ ಬೇಡ ಎಂದು. ಮೊಟ್ಟೆಯೂ ಬೇಡವಾದರೆ ಸಿನ್ ವೇವೊ. ಉಚ್ಚಾರ ತಪ್ಪಿದರೂ ಚಿಂತೆಯಿಲ್ಲ. ಒಮ್ಮೆ ಫೋನಿನಲ್ಲಿ ನಾನು ಇಷ್ಟು ಹೇಳಿದ್ದಕ್ಕೆ ಅಡುಗೆಯಾಕೆ ತಾನೇ ಫೋನಿಗೆ ಬಂದು, ನಿಮ್ಮ ನಾಲ್ಕು ಜನಕ್ಕೆ ಅನ್ನ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತೇನೆ ಎಂದಳು, ಮಾಡಿಯೂ ಕೊಟ್ಟಳು. ಮುಂಚೆ ಹೇಳಿದ್ದರಿಂದ ಅದು ಸಾಧ್ಯವಾಯಿತು. ಶುಕ್ರವಾರ ರಾತ್ರಿ ಎಂಟಕ್ಕೆ ಕೂತು ಕೇಳಿದ್ದರೆ ಅವಳಿಗೂ ಆಗುತ್ತಿರಲಿಲ್ಲ.

ಬುಕಿಂಗ್, ಸಮಯ, ಜಾಗ

ವಾರದ ದಿನ, ಸಂಜೆ ಐದೂವರೆಗೆ. ಆಫೀಸಿನಿಂದ ನೇರ ಹೋಗಬಹುದು, ಹ್ಯಾಪಿ ಅವರ್‌ನ ಕಡಿಮೆ ಬೆಲೆ ಸಿಗಬಹುದು, ಮಕ್ಕಳಿರುವವರು ಎಂಟರೊಳಗೆ ಮನೆ ಸೇರಬಹುದು. ಉದ್ದನೆಯ ಒಂದೇ ಟೇಬಲ್‌ಗಿಂತ ಪಕ್ಕಪಕ್ಕದ ಎರಡು ದುಂಡು ಟೇಬಲ್ ಒಳ್ಳೆಯದು. ಉದ್ದ ಟೇಬಲಿನ ಆ ತುದಿಯವರ ಮಾತು ಈ ತುದಿಗೆ ಕೇಳುವುದೇ ಇಲ್ಲ. ಬಾರ್‌ನ ಪಕ್ಕ, ಸ್ಪೀಕರ್ ಕೆಳಗೆ ಬೇಡ ಎಂದು ಬಾಯಿಬಿಟ್ಟು ಹೇಳಿ.

ಕುಡಿಯುವ ಆಲೋಚನೆ ಇರುವವರು ಗುರುತಿನ ಚೀಟಿ ತರಬೇಕು. ಇಲ್ಲಿ 21 ವರ್ಷ ತುಂಬಿರಬೇಕು, ತಲೆ ನರೆತವರನ್ನೂ ಕೇಳುವುದುಂಟು. ಭಾರತದಿಂದ ಬಂದವರ ಹತ್ತಿರ ಅಮೆರಿಕದ ಲೈಸೆನ್ಸ್ ಇಲ್ಲದಿದ್ದರೆ ಪಾಸ್‌ಪೋರ್ಟೇ ಬೇಕು. ನಮ್ಮ ಊರಿನ ಡ್ರೈವಿಂಗ್ ಲೈಸೆನ್ಸನ್ನು ಎಷ್ಟೋ ಕಡೆ ಒಪ್ಪುವುದಿಲ್ಲ. ಇದನ್ನು ಹಿಂದಿನ ದಿನವೇ ನೆನಪಿಸಿ.

ಕಂಪನಿ ಖರ್ಚಿನಲ್ಲಾದರೆ ತಲೆಗೆ ಎಷ್ಟು, ಮದ್ಯ ಸೇರಿದೆಯೋ ಇಲ್ಲವೋ ಎಂದು ಮ್ಯಾನೇಜರ್‌ನಿಂದ ಬರಹದಲ್ಲಿ ಪಡೆಯಿರಿ.

ಕೂತ ಮೇಲೆ ಮೊದಲ ಹತ್ತು ನಿಮಿಷ

ನೀವು ಕೇಳದೆಯೇ ಚಿಪ್ಸ್ ಬುಟ್ಟಿ, ಸಾಲ್ಸಾ ಎಂಬ ಖಾರದ ಚಟ್ನಿಯ ಬಟ್ಟಲು ಬರುತ್ತವೆ. ಟೆಕ್ಸ್-ಮೆಕ್ಸ್ ಹೋಟೆಲುಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ಖಾಲಿಯಾದಷ್ಟೂ ತುಂಬುತ್ತಾರೆ. ಹಸಿದು ಬಂದವರು ಇದರಲ್ಲೇ ಹೊಟ್ಟೆ ತುಂಬಿಸಿಕೊಂಡುಬಿಡುತ್ತಾರೆ. ಎರಡನೇ ಬುಟ್ಟಿ ಬರುವುದರೊಳಗೆ ಆರ್ಡರ್ ಕೊಟ್ಟುಬಿಡಿ.

ಸಾಲ್ಸಾದ ಖಾರದ ಬಗ್ಗೆ ನಮ್ಮವರಿಗೆ ಎರಡು ತಪ್ಪು ಕಲ್ಪನೆ. ಇವರದೇನು ಖಾರ ಎಂಬುದು ಒಂದು. ಕೆಂಪಗಿದ್ದದ್ದೇ ಹೆಚ್ಚು ಖಾರ ಎಂಬುದು ಇನ್ನೊಂದು. ಖಾರ ಅಳೆಯುವ ಸ್ಕೋವಿಲ್ ಮಾಪನದಲ್ಲಿ ಹಲಪೇನ್ಯೊ 2,500ರಿಂದ 8,000, ಸೆರಾನೊ 10,000ದಿಂದ 23,000, ಹಬನೇರೊ 1 ಲಕ್ಷದಿಂದ ಮೂರೂವರೆ ಲಕ್ಷ. ಕಿತ್ತಳೆ ಬಣ್ಣದ, ಹಣ್ಣಿನ ಪರಿಮಳದ ಸಾಲ್ಸಾ ಬಂದರೆ ಅದು ಹಬನೇರೊ ಇರಬಹುದು. ಚಿಪ್ಸ್‌ನ ತುದಿ ಅದ್ದಿ ನೋಡಿ. ಹಸಿರು ಸಾಲ್ಸಾ ತೊಮಾತಿಯೊ ಎಂಬ ಹುಳಿ ಕಾಯಿಯದು, ಎಷ್ಟೋ ಸಲ ಕೆಂಪಿಗಿಂತ ಚುರುಕು. ಗಾಢ ಕೆಂಪಿನ ಗ್ವಾಹೀಯೊ ಒಣಮೆಣಸಿನಕಾಯಿಯಂತೂ ಥೇಟ್ ನಮ್ಮ ಬ್ಯಾಡಗಿಯ ಹಾಗೆ: ಬಣ್ಣ ಧಾರಾಳ, ಖಾರ ಕಮ್ಮಿ. ಚಿಪೋತ್ಲೆ ಎಂದರೆ ಹಣ್ಣಾದ ಹಲಪೇನ್ಯೊವನ್ನು ಹೊಗೆಯಲ್ಲಿ ಒಣಗಿಸಿದ್ದು. ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟಿಟ್ಟ ಮೆಣಸಿನಕಾಯಿಯ ವಾಸನೆ ಗೊತ್ತಿರುವವರಿಗೆ ಕೂಡಲೇ ಹಿಡಿಸುತ್ತದೆ.

ಖಾರ ನೆತ್ತಿಗೇರಿದರೆ ನೀರು, ಬಿಯರ್ ಯಾವುದೂ ನೆರವಾಗುವುದಿಲ್ಲ. ಖಾರದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಒಂದು ಚಮಚ ಸೋರ್ ಕ್ರೀಮ್ ಬಾಯಲ್ಲಿಟ್ಟುಕೊಳ್ಳಿ.

ಮೆನು ಓದುವ ಬಗೆ

ಉಚ್ಚಾರದ ಅಂಜಿಕೆ ಬೇಡ. ಇಂಗ್ಲಿಷ್ ಅಕ್ಷರದಲ್ಲಿ ಓದಿ ತಡವರಿಸುವುದಕ್ಕಿಂತ ಕನ್ನಡದಲ್ಲಿ ಬರೆದುಕೊಂಡರೆ ಸಲೀಸು: ಟೋರ್ಟಿಯಾ, ಕೇಸಾಡಿಯಾ, ಫಹೀತಾ, ಹಲಪೇನ್ಯೊ, ಗ್ವಾಕಮೋಲೆ, ಪೀಕೊ ದೆ ಗಾಯೊ. ಎರಡು ‘ಎಲ್’ ಒಟ್ಟಿಗೆ ಬಂದರೆ ‘ಯ’, ‘ಜೆ’ ಬಂದರೆ ‘ಹ’. ಇಷ್ಟು ಗೊತ್ತಿದ್ದರೆ ಮುಕ್ಕಾಲು ಮೆನು ಓದಬಹುದು.

ಮಾಂಸದ ಹೆಸರುಗಳು ಮೊದಲು, ಏಕೆಂದರೆ ಎಡವುವುದು ಅಲ್ಲೇ. ಕಾರ್ನೆ ಅಸಾದಾ ಸುಟ್ಟ ದನದ ಮಾಂಸ. ಬಾರ್ಬಕೋವಾ ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ದನದ ತಲೆ, ಕೆನ್ನೆಯ ಮಾಂಸ. ಲೆಂಗ್ವಾ ನಾಲಿಗೆ. ಕಾರ್ನಿತಾಸ್, ಅಲ್ ಪಾಸ್ತೋರ್, ಚೊರೀಸೊ ಮೂರೂ ಹೆಚ್ಚಾಗಿ ಹಂದಿ. ಪೋಯೊ ಕೋಳಿ, ಪೆಸ್ಕಾದೊ ಮೀನು, ಕಮರೋನ್ ಸಿಗಡಿ. ಬರೀ ‘ಫಹೀತಾ’ ಎಂದು ಹೇಳಿದರೆ ದನದ ಮಾಂಸದ್ದು ಬರಬಹುದು. ಆ ಪದವೇ ದನದ ಹೊಟ್ಟೆಯ ಬಳಿಯ ಪಟ್ಟಿಯಂಥ ಮಾಂಸದಿಂದ ಬಂದದ್ದು. ‘ಪೋಯೊ’ ಅಥವಾ ‘ವೆಜಿಟೇರಿಯನ್’ ಎಂದು ಸೇರಿಸಿಯೇ ಹೇಳಿ.

ಮೊಟ್ಟೆ ತಿನ್ನದವರಿಗೆ: ಚೀಲೆ ರೆಯೇನೊ ಎಂದರೆ ಚೀಸ್ ತುಂಬಿದ ದೊಡ್ಡ ಪೊಬ್ಲಾನೊ ಮೆಣಸಿನಕಾಯಿ, ಆದರೆ ಅದನ್ನು ಅದ್ದುವುದು ಮೊಟ್ಟೆಯ ಹಿಟ್ಟಿನಲ್ಲಿ. ಸುಟ್ಟ ಜೋಳದ ತೆನೆ ಎಲೋತೆಗೆ ಮೇಯೊನೇಸ್ ಬಳಿಯುತ್ತಾರೆ, ಅದರಲ್ಲೂ ಮೊಟ್ಟೆ. ಫ್ಲಾನ್, ತ್ರೆಸ್ ಲೆಚೆಸ್ ಕೇಕ್ ಎರಡರಲ್ಲೂ ಮೊಟ್ಟೆ. ಸೀಸರ್ ಸಲಾಡ್ ಸಸ್ಯಾಹಾರ ಎಂದುಕೊಳ್ಳುವವರು ಬಹಳ. 1920ರ ದಶಕದಲ್ಲಿ ಮೆಕ್ಸಿಕೋದ ತಿಹ್ವಾನಾದಲ್ಲೇ ಹುಟ್ಟಿದ ಈ ಸಲಾಡ್‌ನ ಡ್ರೆಸಿಂಗ್‌ನಲ್ಲಿ ಈಗ ಸಾಮಾನ್ಯವಾಗಿ ಮೀನೂ ಇರುತ್ತದೆ, ಮೊಟ್ಟೆಯೂ ಇರುತ್ತದೆ. ತಮಾಲೆ ನಮ್ಮ ಕೊಟ್ಟೆ ಕಡುಬಿನ ಹಾಗೆ, ಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಸಿಪ್ಪೆ ಬಿಡಿಸಿ ತಿನ್ನಬೇಕು. ಒಳಗೆ ಬರೀ ಚೀಸ್, ಮೆಣಸಿನಕಾಯಿ ಇದ್ದರೂ ಹಿಟ್ಟಿಗೇ ಹಂದಿಕೊಬ್ಬು ಕಲೆಸಿರುವುದು ಹಳೆಯ ರೂಢಿ, ಕೇಳದೆ ತರಿಸಬೇಡಿ.

ಹಾಗಾದರೆ ಕಣ್ಣುಮುಚ್ಚಿ ತರಿಸಬಹುದಾದ್ದು? ಗ್ವಾಕಮೋಲೆ. ಬೆಣ್ಣೆಹಣ್ಣು, ಈರುಳ್ಳಿ, ಕೊತ್ತಂಬರಿ, ಹಸಿಮೆಣಸಿನಕಾಯಿ, ನಿಂಬೆ, ಉಪ್ಪು, ಅಷ್ಟೇ. ಕೆಲವು ಕಡೆ ಮೂರು ಕಾಲಿನ ಕಪ್ಪು ಕಲ್ಲಿನ ಒರಳು, ಮೊಲ್ಕಹೇತೆಯನ್ನು ಟೇಬಲಿನ ಹತ್ತಿರವೇ ತಂದು ಅರೆದುಕೊಡುತ್ತಾರೆ. ನೋಡಿ: ಮೊದಲು ಉಪ್ಪು, ಮೆಣಸಿನಕಾಯಿ, ಈರುಳ್ಳಿ ಹಾಕಿ ಕಲ್ಲಿಗೆ ಒತ್ತಿ ಉಜ್ಜುತ್ತಾರೆ, ರಸ ಬಿಟ್ಟು ಘಮ ಏಳುತ್ತದೆ. ಆಮೇಲೆಯೇ ಹಣ್ಣು. ಅದನ್ನು ನುಣ್ಣಗೆ ಮಾಡುವುದಿಲ್ಲ, ಅಲ್ಲಲ್ಲಿ ತುಂಡು ಉಳಿಸುತ್ತಾರೆ. ಅಜ್ಜಿ ಒರಳಲ್ಲಿ ಖಾರ ಅರೆದಾದ ಮೇಲೆಯೇ ಕಾಯಿ ಹಾಕುತ್ತಿದ್ದಳಲ್ಲ, ಅದೇ ಕ್ರಮ. ಜೋಳದ ಟೋರ್ಟಿಯಾ ಜೊತೆಗೆ ವೆಜಿಟೇರಿಯನ್ ಫಹೀತಾ, ಅದರಲ್ಲೇ ಮಾಡಿದ ಚೀಸ್ ಕೇಸಾಡಿಯಾ, ನೊಪಾಲೆಸ್ ಟಾಕೊ (ಟೋರ್ಟಿಯಾ ಮಡಚಿ ಒಳಗೆ ತುಂಬಿದ್ದು), ಅಡುಗೆಮನೆ ಹೌದೆಂದರೆ ಕಪ್ಪು ಬೀನ್ಸ್. ಇವಿಷ್ಟರಲ್ಲಿ ಹೊಟ್ಟೆತುಂಬ ಊಟವಾಗುತ್ತದೆ.

ಟೋರ್ಟಿಯಾ ಬಗ್ಗೆ ಸ್ವಲ್ಪ ನಿಧಾನವಾಗಿ

ಗೋಧಿಯದೋ ಜೋಳದ್ದೋ ಎಂದು ಸರ್ವರ್ ಕೇಳುತ್ತಾನೆ. ಜೋಳದ್ದು ಎನ್ನಿ. ಗೋಧಿಯದು ನಮ್ಮ ಚಪಾತಿಯ ನೆಂಟ, ಅದರಲ್ಲಿ ಹೊಸದೇನಿಲ್ಲ. ಕೆಲವು ಕಡೆ ಅದರ ಹಿಟ್ಟಿಗೂ ಹಂದಿಕೊಬ್ಬು ಹಾಕುತ್ತಾರೆ.

ಜೋಳದ ಟೋರ್ಟಿಯಾದ ಹಿಂದೆ ಒಂದು ದೊಡ್ಡ ವಿದ್ಯೆ ಇದೆ. ಒಣ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ತೊಳೆದು ರುಬ್ಬುತ್ತಾರೆ. ವೀಳ್ಯದೆಲೆಗೆ ಹಚ್ಚುವ ಸುಣ್ಣವೇ. ಅದರಿಂದ ಕಾಳಿನ ಸಿಪ್ಪೆ ಸಡಿಲವಾಗುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ, ಕಾಳಿನಲ್ಲಿ ಬಂಧಿಯಾಗಿದ್ದ ನಯಾಸಿನ್ ಎಂಬ ಬಿ ವಿಟಮಿನ್ ಮೈಗೆ ಹತ್ತುವಂತಾಗುತ್ತದೆ. ಮೆಕ್ಕೆಜೋಳ ಕಡಲು ದಾಟಿ ಬೇರೆ ದೇಶಗಳಿಗೆ ಹೋದಾಗ ಈ ಸುಣ್ಣದ ವಿದ್ಯೆ ಜೊತೆಗೆ ಹೋಗಲಿಲ್ಲ. ಜೋಳವನ್ನೇ ನೆಚ್ಚಿಕೊಂಡ ಇಟಲಿಯ ಬಡವರಲ್ಲಿ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರಲ್ಲಿ ಆ ವಿಟಮಿನ್ ಸಿಗದೆ ಪೆಲಾಗ್ರ ಎಂಬ ರೋಗ ಹರಡಿ ಅನೇಕರು ಸತ್ತರು. ಸಾವಿರಾರು ವರ್ಷ ಜೋಳವನ್ನೇ ಉಂಡ ಮೆಕ್ಸಿಕೋದ ಹಳ್ಳಿಗರನ್ನು ಕಾಪಾಡಿದ್ದು ಒಂದು ಹಿಡಿ ಸುಣ್ಣ. ಟೋರ್ಟಿಯಾ ಮೂಗಿನ ಹತ್ತಿರ ಹಿಡಿದರೆ ಬರುವ ಆ ಮಣ್ಣಿನಂಥ ವಾಸನೆ ಅದರದೇ.

ಟೋರ್ಟಿಯಾ ಬಟ್ಟೆಯಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಬರುತ್ತದೆ. ಒಂದೊಂದೇ ತೆಗೆದು ಕೂಡಲೇ ಮುಚ್ಚಿ. ಆರಿದರೆ ಮುರಿಯುತ್ತದೆ, ಜೋಳದ ರೊಟ್ಟಿಯ ಹಾಗೇ. ಕೈಯಲ್ಲಿ ತಿನ್ನುವುದೇ ಇಲ್ಲಿನ ಕ್ರಮ. ನಮ್ಮವರು ಫೋರ್ಕ್ ಹುಡುಕುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಟಾಕೊ ತಿನ್ನುವಾಗ ಟಾಕೊ ಓರೆ ಮಾಡದೆ ತಲೆಯನ್ನು ಓರೆ ಮಾಡಿ, ಒಳಗಿನದು ಚೆಲ್ಲುವುದಿಲ್ಲ.

ಎಷ್ಟು ತರಿಸಬೇಕು

ಹನ್ನೆರಡು ಜನಕ್ಕೆ ನನ್ನ ಲೆಕ್ಕ: ಮೂರು ಗ್ವಾಕಮೋಲೆ, ಎರಡು ಕೇಸೊ ಎಂಬ ಕರಗಿದ ಚೀಸ್, ಇಬ್ಬರಿಗಾಗುವ ಫಹೀತಾ ನಾಲ್ಕು, ಅದರಲ್ಲಿ ಸಸ್ಯಾಹಾರದ್ದು ಬೇರೆಯೇ ಬಾಣಲಿಯಲ್ಲಿ, ಉಳಿದವರು ಅವರವರಿಗೆ ಬೇಕಾದ್ದು. ಕೇಸೊದಲ್ಲಿ ಮಾಂಸದ ಪುಡಿ ಬೇಡ ಎಂದು ಹೇಳಿ.

ಫಹೀತಾ ಬರುವ ಸದ್ದು ಮೊದಲೇ ಕೇಳಿಸುತ್ತದೆ. ಕಬ್ಬಿಣದ ಬಾಣಲಿ ಕೆಂಡದಷ್ಟು ಕಾದಿರುತ್ತದೆ. ಸಸ್ಯಾಹಾರದ ಬಾಣಲಿಯನ್ನು ಸಸ್ಯಾಹಾರಿಗಳ ನಡುವೆಯೇ ಇಡಿಸಿ, ಇಕ್ಕಳ ಬೇರೆಯದೇ ಇರಲಿ. ಅವರನ್ನು ಒಂದು ಮೂಲೆಗೆ ಕೂರಿಸಿದಂತೆ ಕಾಣದಿರಲು ಇಬ್ಬರು ಮಾಂಸಾಹಾರಿಗಳಿಗೂ ಆ ಕಡೆ ಕೂರಲು ನಾನು ಮೊದಲೇ ಹೇಳಿರುತ್ತೇನೆ.

ಬಾರ್ ಕಡೆ

ಮಾರ್ಗರೀಟಾ ಎಂದರೆ ಟೆಕೀಲಾ, ನಿಂಬೆರಸ, ಕಿತ್ತಳೆಯ ಲಿಕ್ಯೂರ್, ಲೋಟದ ಅಂಚಿಗೆ ಉಪ್ಪು. ಮಂಜಿನಂತೆ ಅರೆದದ್ದು ಒಂದು, ಐಸ್ ತುಂಡಿನ ಮೇಲೆ ಸುರಿದದ್ದು ಇನ್ನೊಂದು. ಮಂಜಿನ ಮಾರ್ಗರೀಟಾ ಯಂತ್ರ ಮಾಡಿದ್ದು ಡಾಲಸ್‌ನ ಹೋಟೆಲ್ ಮಾಲೀಕ ಮರಿಯಾನೊ ಮಾರ್ಟಿನೆಸ್, 1971ರಲ್ಲಿ, ಸಾಫ್ಟ್ ಐಸ್‌ಕ್ರೀಂ ಯಂತ್ರವನ್ನು ಬದಲಾಯಿಸಿ. ಆ ಯಂತ್ರ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ.

ಟೆಕೀಲಾ ಆಗುವುದು ನೀಲಿ ಅಗಾವೆಯಿಂದ. ನಮ್ಮ ಬಯಲುಸೀಮೆಯ ಬೇಲಿಯ ಕತ್ತಾಳೆ, ಹಗ್ಗ ಹೊಸೆಯುವ ಆ ಕತ್ತಾಳೆ, ಇದೇ ಬಳಗದ್ದು. ಗಿಡ ಬಲಿಯಲು ಏಳೆಂಟು ವರ್ಷ ಹಿಡಿಯುತ್ತದೆ. ಎಲೆಗಳನ್ನು ಸವರಿ ನಡುವಿನ ಗಡ್ಡೆ ಬೇಯಿಸಿ, ಹಿಂಡಿ, ಹುಳಿಸಿ, ಭಟ್ಟಿ ಇಳಿಸುತ್ತಾರೆ. ಹಲಿಸ್ಕೊ ರಾಜ್ಯ ಮತ್ತು ಬೇರೆ ನಾಲ್ಕು ರಾಜ್ಯಗಳ ಗೊತ್ತಾದ ಭಾಗಗಳಲ್ಲಿ ಮಾಡಿದ್ದಕ್ಕೆ ಮಾತ್ರ ಟೆಕೀಲಾ ಎಂಬ ಹೆಸರು. ಬಾಟಲಿಯ ಮೇಲೆ ‘100% ಅಗಾವೆ’ ಎಂದಿಲ್ಲದಿದ್ದರೆ ಅದರಲ್ಲಿ ಬೇರೆ ಸಕ್ಕರೆಯೂ ಸೇರಿರಬಹುದು, ಶೇಕಡಾ 49ರವರೆಗೆ. ಬ್ಲಾಂಕೊ ಎಂದರೆ ಹಾಗೇ ಇಳಿಸಿದ್ದು, ರೆಪೊಸಾದೊ ಮರದ ಪೀಪಾಯಿಯಲ್ಲಿ ಕನಿಷ್ಠ ಎರಡು ತಿಂಗಳು ಇಟ್ಟದ್ದು, ಅನ್ಯೇಹೊ ಕನಿಷ್ಠ ಒಂದು ವರ್ಷ. ಮೆಸ್ಕಾಲ್‌ಗೆ ಗಡ್ಡೆಯನ್ನು ನೆಲದ ಕುಳಿಯಲ್ಲಿ ಕಾದ ಕಲ್ಲಿನ ಮೇಲೆ ಸುಡುತ್ತಾರೆ, ಅದಕ್ಕೇ ಹೊಗೆವಾಸನೆ. ಸಸ್ಯಾಹಾರಿಗಳೇ, ಮೆಸ್ಕಾಲ್ ಜೊತೆ ಕಿತ್ತಳೆ ಹೋಳಿನ ಮೇಲೆ ಬರುವ ಕೆಂಪು ಉಪ್ಪಿಗೆ ಒಣಗಿಸಿದ ಹುಳ ಪುಡಿ ಮಾಡಿ ಹಾಕಿರುತ್ತಾರೆ, ಬೇಡವೆನ್ನಿ.

ಕುಡಿಯುವವರಿಗೆ ಒಂದು ಲೆಕ್ಕ. ಅಮೆರಿಕದಲ್ಲಿ ‘ಒಂದು ಡ್ರಿಂಕ್’ ಎಂದರೆ 14 ಗ್ರಾಂ ಆಲ್ಕೊಹಾಲ್. 60 ಮಿಲಿ ಟೆಕೀಲಾ, 30 ಮಿಲಿ ಕಡಕ್ ಕಿತ್ತಳೆ ಲಿಕ್ಯೂರ್ ಹಾಕಿದ ಒಂದು ಮಾರ್ಗರೀಟಾದಲ್ಲಿ ಹತ್ತಿರ ಹತ್ತಿರ 28 ಗ್ರಾಂ, ಅಂದರೆ ಎರಡು ಡ್ರಿಂಕ್. ಮೈ ಗಂಟೆಗೆ ಸುಮಾರು ಒಂದನ್ನು ಕರಗಿಸುತ್ತದೆ. ಎರಡು ಲೋಟ ಕುಡಿದವರು ನಾಲ್ಕು ಕುಡಿದಂತೆ; ಸಿಹಿ, ಹುಳಿ, ತಂಪಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಟೆಕ್ಸಾಸ್‌ನಲ್ಲಿ ರಕ್ತದಲ್ಲಿ ಶೇಕಡಾ 0.08 ಕಾನೂನಿನ ಗೆರೆ, ಅದಕ್ಕಿಂತ ಕಡಿಮೆ ಇದ್ದರೂ ತೂರಾಡುತ್ತ ಓಡಿಸಿದರೆ ಹಿಡಿಯಬಹುದು. ವೀಸಾದ ಮೇಲಿರುವವರಿಗೆ ಒಂದು ಕೇಸು ಎಂದರೆ ದಂಡ ಕಟ್ಟಿ ಮುಗಿಯುವ ಮಾತಲ್ಲ, ವೀಸಾವೇ ರದ್ದಾಗಬಹುದು. ಆದ್ದರಿಂದ ಕುಡಿಯುವವರು ಬರುವಾಗಲೇ ಕಾರು ಬಿಟ್ಟು ಬರಲಿ.

ಕುಡಿಯದವರ ಕೈಗೆ ಬರೀ ನೀರಿನ ಲೋಟ ಕೊಡಬೇಡಿ. ಆಗ್ವಾಸ್ ಫ್ರೆಸ್ಕಾಸ್ ಎಂಬ ಪಾನಕಗಳ ಒಂದು ಲೋಕವೇ ಇದೆ. ಹಮಾಯ್ಕಾ ನಮ್ಮ ಪುಂಡಿಯ ಬಳಗದ ಗಿಡದಲ್ಲಿ ಹೂವಿನ ಬುಡಕ್ಕಿರುವ ಕೆಂಪು ಹೊದಿಕೆಯದು, ಕೋಕಂ ಶರಬತ್ತಿನ ಬಣ್ಣ, ಹುಳಿ. ತಮರಿಂದೊ ಹುಣಸೆಹಣ್ಣಿನ ಪಾನಕವೇ. ಓರ್ಚಾತಾ ಅಕ್ಕಿ ನೆನೆಸಿ ರುಬ್ಬಿ ಸೋಸಿ, ದಾಲ್ಚಿನ್ನಿ, ಸಕ್ಕರೆ ಹಾಕಿದ್ದು. ನಾನು ಎಲ್ಲರಿಗಿಂತ ಮೊದಲು ಒಂದು ಹೂಜಿ ಹಮಾಯ್ಕಾ ಟೇಬಲಿನ ನಡುವೆ ಇಡಿಸುತ್ತೇನೆ. ಆಮೇಲೆ ಯಾರು ಏನು ಕುಡಿಯುತ್ತಿದ್ದಾರೆ ಎಂದು ಯಾರೂ ನೋಡುವುದಿಲ್ಲ.

ಬಿಲ್ಲು

ಬೇರೆ ಬೇರೆ ಬಿಲ್ ಬೇಕಿದ್ದರೆ ಆರ್ಡರ್ ಕೊಡುವ ಮುಂಚೆ ಹೇಳಿ. ಕಂಪನಿ ಮದ್ಯ ಭರಿಸುವುದಿಲ್ಲವಾದರೆ ಅದರ ಬಿಲ್ ಮೊದಲಿನಿಂದಲೇ ಪ್ರತ್ಯೇಕ ತೆಗೆಸಿ. ಸಮ ಹಂಚುವುದಾದರೆ, ಬರೀ ಕೇಸಾಡಿಯಾ ತಿಂದು ಹಮಾಯ್ಕಾ ಕುಡಿದವರು ಬೇರೆಯವರ ಟೆಕೀಲಾಕ್ಕೂ ಕೊಡುವಂತಾಗಬಾರದು. ಅವರು ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ನೋಡಿಕೊಳ್ಳಬೇಕು.

ಟಿಪ್ಸ್ ಇಲ್ಲಿ ದಾನವಲ್ಲ, ಅದೇ ಅವರ ಸಂಬಳ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಲೇಬೇಕಾದ ಕನಿಷ್ಠ ಕೂಲಿ ಟೆಕ್ಸಾಸ್‌ನಲ್ಲಿ ಗಂಟೆಗೆ 2.13 ಡಾಲರ್, 1991ರಿಂದ ಅದು ಬದಲಾಗಿಲ್ಲ. ಶೇಕಡಾ 20 ಕೊಡಿ. ತೆರಿಗೆ ಸೇರಿಸುವ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕಿದರೆ ಸಾಕು. 400 ಡಾಲರ್ ಊಟಕ್ಕೆ ಆಸ್ಟಿನ್‌ನ ಶೇಕಡಾ 8.25 ತೆರಿಗೆ 33, ಟಿಪ್ಸ್ 80, ಒಟ್ಟು 513. ಹನ್ನೆರಡು ಜನಕ್ಕೆ ತಲೆಗೆ 42.75. ಆರೆಂಟು ಜನಕ್ಕಿಂತ ದೊಡ್ಡ ಗುಂಪಿಗೆ ಟಿಪ್ಸ್ ಅನ್ನು ಬಿಲ್ಲಿನಲ್ಲೇ ಸೇರಿಸುವ ಹೋಟೆಲುಗಳಿವೆ. ‘ಗ್ರಾಚುಯಿಟಿ’ ಎಂಬ ಸಾಲು ಇದೆಯೇ ನೋಡಿ, ನೋಡದಿದ್ದರೆ ಎರಡೆರಡು ಸಲ ಕೊಟ್ಟುಬರುತ್ತೀರಿ. ಬೇರೆ ಪಾತ್ರೆಯಲ್ಲಿ ಅನ್ನ ಮಾಡಿಕೊಟ್ಟವರಿಗೆ ಅಡುಗೆಮನೆಯ ಬಾಗಿಲವರೆಗೆ ಹೋಗಿ ಒಂದು ‘ಗ್ರಾಸಿಯಾಸ್’ ಹೇಳಿ.

ಉಳಿದದ್ದನ್ನು ಕಟ್ಟಿಸಿಕೊಳ್ಳಲು ಇಲ್ಲಿ ಯಾರೂ ಸಂಕೋಚ ಪಡುವುದಿಲ್ಲ. ಜೋಳದ ಟೋರ್ಟಿಯಾ ಉಳಿದರೆ ಫಾಯಿಲ್‌ನಲ್ಲಿ ಸುತ್ತಿಸಿಕೊಂಡು ಬನ್ನಿ. ಬೆಳಿಗ್ಗೆ ಕಾವಲಿ ಚೆನ್ನಾಗಿ ಕಾಯಿಸಿ, ಟೋರ್ಟಿಯಾಕ್ಕೆ ಎರಡು ಹನಿ ನೀರು ಚಿಮುಕಿಸಿ, ಎರಡೂ ಕಡೆ ಅರ್ಧರ್ಧ ನಿಮಿಷ ಬಿಸಿ ಮಾಡಿ. ಮೇಲೆ ತುಪ್ಪ, ಊರಿಂದ ಬಂದ ಶೇಂಗಾ ಚಟ್ನಿಪುಡಿ. ಆ ದಾವಣಗೆರೆ ಹುಡುಗಿ ನನಗೆ ಹೇಳಿಕೊಟ್ಟದ್ದು ಇದು.